ಬೋರ್ಡಿನ ಮೇಲಿನ ಮುಖ, ಒಲೆ ಮುಂದಿನ ಕೈ

ನಮ್ಮ ಅಂಗಡಿಗೆ ಹೊಸ ಬೋರ್ಡು ಬಂದ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಭಾಲ್ಕಿಯಲ್ಲಿ ನಮ್ಮದು ಮಸಾಲೆ ಖಾರದ ಅಂಗಡಿ. ಮುಂದೆ ಗಲ್ಲಾ, ಹಿಂದೆ ಒಲೆ. ಗಲ್ಲಾದ ಮೇಲೆ ದೊಡ್ಡಪ್ಪ, ಒಲೆಯ ಮುಂದೆ ಅವ್ವ. ಅಪ್ಪ ತೀರಿಹೋದ ಮೇಲೂ ಹಾಗೇ ನಡೆದುಕೊಂಡು ಬಂತು. ಬೋರ್ಡಿನ ತುಂಬ ದೊಡ್ಡಪ್ಪನ ನಗುಮುಖ, ಸುತ್ತ ಮಿಣುಕುವ ದೀಪ, ಕೆಳಗೆ ದಪ್ಪಕ್ಷರದಲ್ಲಿ ಅವರದೇ ಹೆಸರು. ಮಸಾಲೆಯ ಚಿತ್ರಕ್ಕೆ ಜಾಗ ಸಾಲಲಿಲ್ಲವಂತೆ.

"ದೊಡ್ಡಪ್ಪ, ಮಂದಿ ನಿಮ್ಮ ಮಾರಿ ಕಲಸಿಕೊಂಡು ಉಣ್ತಾರೇನ್ರಿ?" ಎಂದೆ.

"ಏ ವಕೀಲಬಾಯಿ, ಧಂದಾ ಅಂದ್ರ ಶೋ ಬೇಕು. ಕಾಲೇಜಿನ್ಯಾಗ ಕಪ್ ಕೊಟ್ಟಾರಂತ ಇಲ್ಲಿ ಬಾಯಿ ಮಾಡಬ್ಯಾಡ."

ಬೀದರಿನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಉಪಾಯ ಸರಳ. ಎದುರಿನವರ ವಾದ ಯಾವ ಕಂಬದ ಮೇಲೆ ನಿಂತಿದೆ ನೋಡು, ಅದನ್ನೇ ಅಲ್ಲಾಡಿಸು. ಅಂಗಡಿಗೂ ಅದೇ ಪ್ರಶ್ನೆ ಹಾಕಿದೆ. ಏನನ್ನು ತೆಗೆದರೆ ಇದು ನಾಳೆಯೇ ಮುಚ್ಚುತ್ತದೆ? ಬೋರ್ಡು ತೆಗೆದರೆ ಮುಚ್ಚುವುದಿಲ್ಲ. ಗಾಜಿನ ಕಪಾಟು ತೆಗೆದರೂ ಇಲ್ಲ. ದೊಡ್ಡಪ್ಪನನ್ನು ತೆಗೆದರೂ ಇಲ್ಲ. ಇದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅವ್ವನ ಕೈ ತೆಗೆದರೆ ಮುಗಿಯಿತು. ಕೊಬ್ಬರಿ ಎಷ್ಟು ಕೆಂಪಾಗಬೇಕು, ಲವಂಗ ಎಷ್ಟು, ಯಾವ ವಾಸನೆ ಬಂದಾಗ ಕಡಾಯಿ ಇಳಿಸಬೇಕು, ಎಲ್ಲ ಅವಳಿಗೊಬ್ಬಳಿಗೇ ಗೊತ್ತು. ಅದನ್ನು ತೂಗಿ ಬರೆದಿಡೋಣ, ಇನ್ನೊಬ್ಬರಿಗೆ ಕಲಿಸೋಣ ಎಂದು ನಾನು ಹೇಳಿದಾಗಲೆಲ್ಲ ದೊಡ್ಡಪ್ಪನದು ಒಂದೇ ಮಾತು: "ಅಳತಿ ಕಾಗದಕ್ಕ ಹತ್ತಿದ್ರ ಬರಕತ್ತು ಹೋಗ್ತದ, ಏಳಿಗಿ ಆಗಂಗಿಲ್ಲ."

"ಮತ್ತ ನಿಮ್ಮ ಹೆಸರು ಯಾಕ ಬರಸೀರಿ? ಅದರ ಬರಕತ್ತು ಹೋಗಂಗಿಲ್ಲೇನು?"

ದೊಡ್ಡಪ್ಪ ಗಲ್ಲಾದ ಚಿಲ್ಲರೆ ಎಣಿಸತೊಡಗಿದರು. ಆದರೆ ಅವ್ವನೂ ಬರಕತ್ತಿನ ಮಾತಿಗೇ ತಲೆಯಾಡಿಸುತ್ತಿದ್ದಳು. ಅದೂ ಮೂಢನಂಬಿಕೆ ಅಂತಲೇ ತೀರ್ಮಾನಿಸಿಬಿಟ್ಟೆ.

ಆಗ ಬಂದವರು ಒಬ್ಬ ಸೇಠರು. ಬೀದರಿನ ಮೈಲೂರಿನಲ್ಲೊಂದು, ಔರಾದಿನಲ್ಲೊಂದು ಕಿರಾಣಿ ಅಂಗಡಿ ಅವರದು. ಖಾರವನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರು. "ಮಾಲ್ ಒಂದ್ ನಂಬರ್ ಅದ. ಎರಡೂ ಅಂಗಡಿಗಿ ತಗೋತೇನಿ. ಆದ್ರ ಡಾಬಕಾ ಹಳ್ಳಿ ಗಿರಾಕಿ ಔರಾದಿಗಿ ಬಂದು ಹೋದ ಸಲದ ರುಚೀನೇ ಕೇಳ್ತಾನ್ರಿ. ಚೀಲ ಚೀಲಕ್ಕ ರುಚಿ ಬದಲಾತು ಅಂದ್ರ ವಾಪಸ್."

"ಫಿಕರ್ ಬಿಡ್ರಿ ಸೇಠ," ಎಂದರು ದೊಡ್ಡಪ್ಪ.

ಮೊದಲ ಮಾಲು ಕಳಿಸುವ ವಾರವೇ ಅವ್ವ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. "ಇಷ್ಟು ವರ್ಷ ನೋಡೇನಿ, ಹುರಿಯೋದೇನು ದೊಡ್ಡ ವಿದ್ಯಾ?" ಎಂದು ದೊಡ್ಡಪ್ಪ ತಾವೇ ಒಲೆಯ ಮುಂದೆ ಕೂತರು. ಇಷ್ಟು ವರ್ಷ ಗಿರಾಕಿಗಳ ಕಡೆ ಮುಖ, ಒಲೆಯ ಕಡೆ ಬೆನ್ನು ಮಾಡಿ ಕೂತವರು ನೋಡಿದ್ದೇನೋ! ಚೀಲಗಳು ಔರಾದಿಗೆ ಹೋದವು, ನಾಲ್ಕನೇ ದಿನ ತಿರುಗಿ ಬಂದವು. "ಬರೀ ಸುಟ್ಟ ಕೊಬ್ಬರಿ ವಾಸನಿ. ಬರೋ ಸೋಮವಾರ ಇನ್ನೊಂದು ಮೋಕಾ. ಆಮ್ಯಾಲ ಖತಂ," ಎಂದು ಸೇಠರ ಫೋನು.

ಅವತ್ತೇ ದೊಡ್ಡಪ್ಪ ಮನೆಗೆ ಬಂದರು. ನಮ್ಮಲ್ಲಿ ಗಂಡನ ಅಣ್ಣನ ಜೊತೆ ಹೆಂಗಸರು ನೇರ ಮಾತಾಡುವುದಿಲ್ಲ. ಅವ್ವ ಸೆರಗು ತಲೆಗೆಳೆದುಕೊಂಡು ಬಾಗಿಲ ಮರೆಗೆ ನಿಲ್ಲುತ್ತಾಳೆ. ದೊಡ್ಡಪ್ಪ ನನಗೆ ಹೇಳುತ್ತಾರೆ, ನಾನು ಮೂರು ಹೆಜ್ಜೆ ಆಚೆ ನಿಂತವಳಿಗೆ ಅದನ್ನೇ ಮತ್ತೆ ಹೇಳುತ್ತೇನೆ.

"ನಿಮ್ಮವ್ವಗ ಹೇಳು, ಅಳತಿ ಬರಸು ಅಂತ."

ಬರಕತ್ತು ಎತ್ತ ಹೋಯಿತೋ! ಗೆದ್ದೆನೆಂದುಕೊಂಡೆ. "ಅವ್ವಾ, ನಾ ಮೊದಲೇ ಹೇಳಿದ್ದೆ, ಈಗರ ಬರಸು."

"ನೀ ಬಾಯಿ ಮುಚ್ಚು," ಎಂದಳು ಅವ್ವ. "ಕಪ್ ಮ್ಯಾಲ ಕಪ್ ತಂದಿ. ಅಂಗಡಿ ಯಾರ ಹೆಸರಿಗಿ ಅದ ಅಂತ ಒಮ್ಮೆರ ಕೇಳೀ ಏನು? ಆ ಅಳತಿ ಬಿಟ್ರ ನಂದು ಅಂಬೋದು ಏನದ ಅಲ್ಲಿ? ಅದನ್ನೂ ನಿನ್ನ ವಹಿಗಿ ಇಳಿಸಿದ್ರ ನಾಳಿ ಯಾರರ ಹುರೀತಾರ. ಆಮ್ಯಾಲ ನನಗ ಯಾರು ಕೇಳ್ತಾರ?"

ಬರೆಯಲು ತೆಗೆದಿದ್ದ ವಹಿಯನ್ನು ಮುಚ್ಚಿದೆ. ಕಂಬ ಹುಡುಕಿದ್ದೆ, ಸರಿ. ಅದು ಯಾರ ಬೆನ್ನು ಎಂದು ನೋಡಿರಲಿಲ್ಲ. ಅಂಗಡಿ ಸುಧಾರಿಸುವ ನನ್ನ ಯೋಜನೆ ಅವಳಿಗಿದ್ದ ಒಂದೇ ಆಸ್ತಿಯನ್ನು ದೊಡ್ಡಪ್ಪನ ಕೈಗೆ ಬಿಟ್ಟಿ ದಾಟಿಸುವ ಯೋಜನೆಯಾಗಿತ್ತು. ಅವರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ತಿರುಗಿತು.

ಅವ್ವ ಮರೆಯಿಂದ ಈಚೆ ಬಂದಳು. "ಭಾವನೋರ, ಅಂಗಡ್ಯಾಗ ಅರ್ಧ ಪಾಲು ನನ್ನ ಹೆಸರಿಗಿ ಮಾಡ್ರಿ. ಆಮ್ಯಾಲ ಬರಸ್ತೇನಿ."

ದೊಡ್ಡಪ್ಪ ಗಾಬರಿಯಾಗಿ ನನ್ನನ್ನೇ ನೋಡಿದರು. "ನಿಮ್ಮವ್ವಗ ಹೇಳು, ಮನಿ ಮಾತು ಕಾಗದಕ್ಕ ಹಚ್ಚಬಾರದು ಅಂತ," ಎಂದು ಚಪ್ಪಲಿ ಮೆಟ್ಟಿ ನಡೆದರು.

ಎರಡು ದಿನ ಒಲೆ ಹೊತ್ತಲಿಲ್ಲ. ಬೋರ್ಡು ಮಾತ್ರ ಮಿಣುಕುತ್ತಲೇ ಇತ್ತು. ಸೇಠರ ಸೋಮವಾರ ಹತ್ತಿರ ಬಂದಿತ್ತು; ಶನಿವಾರ ಮುಂಜಾನೆ ಅರ್ಧ ಪಾಲಿನ ಕಾಗದದ ಸಹಿಗೆ ನೋಟರಿಯ ಕಚೇರಿಗೆ ಬರಲು ದೊಡ್ಡಪ್ಪ ಹೇಳಿಕಳಿಸಿದರು. ಅಲ್ಲಿಯ ಗುಮಾಸ್ತ ಅವ್ವನ ಪಟ್ಟಿ ಕಟ್ಟಿದ ಕೈ ನೋಡಿ, "ಹೆಬ್ಬಟ್ಟು ಒತ್ರಿ ಬಾಯಿ," ಎಂದು ಮಸಿಯ ಡಬ್ಬಿ ಮುಂದೆ ನೂಕಿದ.

"ನಾ ಏಳನೇತ್ತ ಪಾಸ್ ಆಗೇನಿ," ಎಂದು ಅವ್ವ ಎಡಗೈಯಲ್ಲಿ ಪೆನ್ನು ಹಿಡಿದಳು. ಒಂದೊಂದೇ ಅಕ್ಷರ ಸೊಟ್ಟಸೊಟ್ಟಾಗಿ ಇಳಿಯುವವರೆಗೆ ದೊಡ್ಡಪ್ಪ ಮೂರು ಸಲ ಗಡಿಯಾರ ನೋಡಿದರು. ಇಷ್ಟು ವರ್ಷ ಅವಳು ಹೊಗೆಯಲ್ಲಿ ಕೂತಾಗ ಎಷ್ಟು ಸಲ ಗಡಿಯಾರ ನೋಡಿದ್ದಿರಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮಾತು ಅವಳದಾಗಿತ್ತು.

ಮಧ್ಯಾಹ್ನ ಅಂಗಡಿಯಲ್ಲಿ ಅವ್ವ ಎಡಗೈಯಿಂದ ತಕ್ಕಡಿಗೆ ಕೊತ್ತಂಬರಿ ಬೀಜ ಸುರಿದಳು. "ಸಾಲದು. ಇನ್ನಿಷ್ಟು. ಹ್ಞಾಂ, ಈಗ ಬರಕೋ." ನಾನು ತೂಕ ಬರೆದುಕೊಂಡೆ. ದೊಡ್ಡಪ್ಪ ಬಂದು ಗಲ್ಲಾದ ಹತ್ತಿರವೇ ನಿಂತರು.

"ನಿಮ್ಮವ್ವಗ ಕೇಳು, ಸೋಮವಾರಕ್ಕ ಮಾಲ್ ಆಗ್ತದೇನು?"

ನಾನು ವಹಿಯಿಂದ ತಲೆ ಎತ್ತಲಿಲ್ಲ. ಅವರು ಕೆಮ್ಮಿದರು. ನಾನು ಇನ್ನೊಂದು ಗೆರೆ ಎಳೆದೆ.

"ಆಗ್ತದೇನವ್ವಾ?" ಎಂದು ಕೊನೆಗೆ ಅವ್ವನನ್ನೇ ಕೇಳಿದರು, ನೆಲ ನೋಡುತ್ತ.

"ಆಗ್ತದ್ರಿ," ಎಂದಳು ಅವ್ವ. "ಆ ಕೊಬ್ಬರಿ ಚೀಲ ಒಲಿ ಹತ್ರ ತಂದಿಡ್ರಿ. ನನಗ ಒಂದೇ ಕೈ ಅದ."