ಸಿರ್ಕಾ ಹರ್ಯು ಮತ್ತು ಖಾಲಿ ಬಿಟ್ಟ ಜಾಗ

ಸಿರ್ಕಾ ಹರ್ಯು ಅವರಿಗೆ ಅರವತ್ತೊಂದು ವರ್ಷ. ಕೆನಡಾದ ಥಂಡರ್ ಬೇ ಊರಲ್ಲೇ ಹುಟ್ಟಿ, ಇಲ್ಲೇ ಓದಿ, ಇಪ್ಪತ್ತಮೂರು ವರ್ಷ ರೈಲು ಡಬ್ಬಿಗಳ ಕಾರ್ಖಾನೆಯಲ್ಲಿ ಬಿಡಿಭಾಗಗಳ ಕೈಪಿಡಿ ಬರೆದವರು. ಅಲ್ಲಿ ನಕ್ಷೆಗೆ ಸಹಿ ಬೀಳುವ ತನಕ ಯಾರೂ ತಗಡು ಕತ್ತರಿಸುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಜನ ಕಡಿಮೆ ಮಾಡಿದಾಗ ನಮ್ಮ ನೀರು ಪರೀಕ್ಷೆಯ ಲ್ಯಾಬಿಗೆ ಬಂದರು. ಆ ಅಭ್ಯಾಸವೂ ಅವರ ಜೊತೆಯಲ್ಲೇ ಬಂತು.

ನಾನು ಇಲ್ಲಿ ಕೆಮಿಸ್ಟ್. ಸುತ್ತಲಿನ ಕ್ಯಾಂಪುಗಳಿಂದ (ಕೆರೆದಂಡೆಯ ರಜಾಮನೆಗೆ ಇಲ್ಲಿ ಹಾಗನ್ನುತ್ತಾರೆ), ಹಳ್ಳಿ ಮನೆಗಳಿಂದ, ಲಾಡ್ಜುಗಳಿಂದ ಬಾವಿ ನೀರಿನ ಬಾಟಲಿಗಳು ಬರುತ್ತವೆ. ಕಬ್ಬಿಣ, ಆರ್ಸೆನಿಕ್, ನೈಟ್ರೇಟ್ ಎಷ್ಟಿದೆ ಅಂತ ನಾನು ನೋಡುತ್ತೇನೆ. ಮೊದಲು ಫಲಿತಾಂಶ ಫ್ಯಾಕ್ಸಿನಲ್ಲಿ ಹೋಗುತ್ತಿತ್ತು. ಈಗ ಗಿರಾಕಿಗಳ ಕಂಪ್ಯೂಟರು ನಮ್ಮ ಕಂಪ್ಯೂಟರನ್ನು ಕೇಳಿ ನೇರವಾಗಿ ಪಡೆಯುತ್ತದೆ. ಯಾವ ವಿಳಾಸದಲ್ಲಿ ಕೇಳಬೇಕು, ಏನು ಕೊಡಬೇಕು, ಉತ್ತರದಲ್ಲಿ ಏನೇನು ಬರುತ್ತದೆ, ಅದರಲ್ಲಿ ಯಾವುದು ಸಂಖ್ಯೆ, ಯಾವುದು ದಿನಾಂಕ, ಇಷ್ಟನ್ನೂ ಒಂದು ಫೈಲಿನಲ್ಲಿ ಬರೆಯುವುದು ಸಿರ್ಕಾ ಅವರ ಕೆಲಸ. ಆ ಫೈಲಿಗೆ ಆಫೀಸಿನಲ್ಲಿ ಸ್ಪೆಕ್ ಅಂತಾರೆ. ಅದನ್ನು ಒಂದು ಪ್ರೋಗ್ರಾಮಿಗೆ ಉಣಿಸಿದರೆ ಅರ್ಧ ನಿಮಿಷದಲ್ಲಿ ಎರಡು ವಸ್ತು ಸಿದ್ಧ: ಮನುಷ್ಯರು ಓದುವ ವಿವರಣೆಯ ಪುಟಗಳು, ಮತ್ತು ಗಿರಾಕಿಗಳು ತಮ್ಮ ಪ್ರೋಗ್ರಾಮಿಗೆ ಹಾಗೇ ಸೇರಿಸಿಕೊಳ್ಳುವ ಕೋಡ್. ಕೋಡ್ ಎಂಟು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರುತ್ತದೆ. ಎಂಟರಲ್ಲಿ ಒಂದನ್ನೂ ಸಿರ್ಕಾ ಸರಾಗವಾಗಿ ಬರೆಯಲಾರರು. ಅದನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚವೂ ಇಲ್ಲ.

ಯಂತ್ರ ಬರೆದದ್ದನ್ನು ಕೈಯಿಂದ ಮುಟ್ಟಬಾರದು ಎಂಬುದು ಅವರ ನಿಯಮ. ತಪ್ಪಿದ್ದರೆ ಸ್ಪೆಕ್ ತಿದ್ದಬೇಕು, ಮತ್ತೆ ಎಲ್ಲವನ್ನೂ ಹುಟ್ಟಿಸಬೇಕು. ಒಂದು ಸಲ ನಮ್ಮ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ ಟಾರಸ್ ಅವಸರಕ್ಕೆ ಆ ಕೋಡಿನೊಳಗೇ ಒಂದು ದಿನಾಂಕದ ತಪ್ಪನ್ನು ಸರಿಮಾಡಿಬಿಟ್ಟ. ಸೋಮವಾರ ಸಿರ್ಕಾ ಎಂದಿನಂತೆ ಹೊಸದಾಗಿ ಹುಟ್ಟಿಸಿದರು. ತಿದ್ದಿದ್ದು ಮಾಯ.

"ಯಾರ್ರೀ ನನ್ ತಿದ್ದುಪಡಿ ಅಳಿಸಿದ್ದು?" ಅಂತ ಟಾರಸ್ ಕೋಣೆಯಿಂದಲೇ ಕೂಗಿದ.

"ಆ ಫೈಲಿನ ಮೊದಲ್ನೇ ಸಾಲು ಓದಪ್ಪಾ."

ಕೋಣೆಯೊಳಗೆ ಕೀಲಿಮಣೆ ಟಕಟಕ ಅಂದಿತು. ಆಮೇಲೆ ಅವನದೇ ದನಿ ಸಣ್ಣಗೆ ಬಂತು. "'ಯಂತ್ರ ಬರೆದದ್ದು, ಕೈಯಿಂದ ತಿದ್ದಬೇಡಿ.' ಸರಿ, ಸರಿ. ಗೊತ್ತಾಯ್ತು."

ಟಾರಸ್ ಕೆಟ್ಟವನಲ್ಲ. ಲೆಕ್ಕಾಚಾರದ ಮನುಷ್ಯ. ಈ ವರ್ಷ ಮೇ ತಿಂಗಳಲ್ಲಿ ಅವನು ಹೇಳಿದ ಮಾತಿನಲ್ಲೂ ಲೆಕ್ಕವಿತ್ತು. ಸಿರ್ಕಾ ಸ್ಪೆಕ್ ಬರೆದು ಮುಗಿಸಲು ಎರಡು ವಾರ. ಅಲ್ಲಿಯವರೆಗೆ ಕೋಡ್ ಬರೆಯುವವರು ಕಾಯಬೇಕು. ಮೊದಲು ಕೋಡ್ ಬರೆದುಬಿಟ್ಟರೆ ಅದರಿಂದಲೇ ಸ್ಪೆಕ್ ಹೊರತೆಗೆಯುವ ಸಾಧನಗಳಿವೆ, ಒಂದು ನಿಮಿಷದ ಕೆಲಸ. ಹಾಗಾದರೆ ಸಿರ್ಕಾ ಗಿರಾಕಿಗಳ ಪತ್ರಗಳಿಗೆ ಉತ್ತರ ಬರೆಯಬಹುದು.

"ಪತ್ರ ಬರೆಯೋದಕ್ಕೆ ನಂಗೇನೂ ಬೇಜಾರಿಲ್ಲ," ಅಂದರು ಸಿರ್ಕಾ. "ಆದ್ರೆ ಮಾಡಿದ್ದನ್ನ ನೋಡ್ಕೊಂಡು ನಕ್ಷೆ ಬರೆಯೋದಾ? ಹಾಗಾದ್ರೆ ಓರೆ ಆಗಿರೋದು ನಕ್ಷೆಯಲ್ಲೂ ಓರೆಯಾಗೇ ಇರುತ್ತೆ ಕಣೋ."

"ನಿಮ್ಮ ಪುಟ ಓದಿದ್ಮೇಲೂ ಗಿರಾಕಿಗಳು ಫೋನ್ ಮಾಡ್ತಾನೇ ಇರ್ತಾರಲ್ಲ. ಅದಕ್ಕೇನು ಹೇಳ್ತೀರಿ?"

"ಯಾರು ಮಾಡ್ತಾರೆ?"

"ಮಾಡ್ತಾರೆ."

"ಹೆಸರು ಹೇಳು."

ಕೊನೆಗೆ ಷರತ್ತಾಯಿತು. ಅಟಿಕೋಕನ್ ಊರಿನ ಮೀನು ಹಿಡಿಯುವವರ ಲಾಡ್ಜುಗಳ ಸಂಘವೊಂದು ನಮ್ಮ ಹೊಸ ಗಿರಾಕಿ. ಹದಿನಾಲ್ಕು ಲಾಡ್ಜುಗಳ ಬಾವಿ ಫಲಿತಾಂಶ ಅವರಿಗೆ ಬೇಕಿತ್ತು. ಅವರ ಕಂಪ್ಯೂಟರ್ ಕೆಲಸಕ್ಕೆ ಇದ್ದದ್ದು ಲೈಲ್ ಬೂಶೇ ಎಂಬ ಒಬ್ಬನೇ ಮನುಷ್ಯ. ಅವನಿಗೆ ಸಿರ್ಕಾ ಅವರ ಪುಟಗಳ ವಿಳಾಸ ಮಾತ್ರ ಕಳಿಸುವುದು. ಅಷ್ಟನ್ನೇ ಓದಿಕೊಂಡು, ನಮ್ಮನ್ನು ಏನೂ ಕೇಳದೆ ವಾರದೊಳಗೆ ಅವನು ಕೆಲಸ ಮುಗಿಸಿದರೆ ಸ್ಪೆಕ್ ಮೊದಲು ಎಂಬ ಪದ್ಧತಿ ಮುಂದುವರಿಯುತ್ತದೆ. ಒಂದೇ ಒಂದು ಪ್ರಶ್ನೆ ಬಂದರೂ ಟಾರಸ್ ಹೇಳಿದಂತೆ.

ಪುಟಗಳನ್ನು ಕಳಿಸುವ ಮೊದಲು ಎರಡು ದಿನ ಊಟದ ಹೊತ್ತಿನಲ್ಲಿ ಸಿರ್ಕಾ ನನಗೆ ಓದಿ ಹೇಳಿದರು. ಇದು ಅವರ ಹಳೆಯ ಕ್ರಮ. ನನಗೆ ಪ್ರೋಗ್ರಾಮಿಂಗ್ ಬಾರದು. ನನ್ನ ಹುಬ್ಬು ಮೇಲೆದ್ದ ಕಡೆಯೆಲ್ಲ ಅವರು ಪೆನ್ಸಿಲಿನಿಂದ ಗೀಟು ಹಾಕುತ್ತಾರೆ. ರೈ ಬ್ರೆಡ್ಡಿನ ಮೇಲೆ ಹೊಗೆ ಹಿಡಿಸಿದ ಮೀನಿಟ್ಟುಕೊಂಡು ನಾನು ಕೇಳಿದೆ. ಆ ಸಲ ನನ್ನ ಹುಬ್ಬು ಮೂರೇ ಸಲ ಎದ್ದಿತು.

ಮಂಗಳವಾರ ಪುಟಗಳು ಹೋದವು. ಅವತ್ತಿಡೀ ಫೋನು ಸುಮ್ಮನಿತ್ತು. ಸಿರ್ಕಾ ಬೇರೆ ಕೆಲಸ ಮಾಡುತ್ತಿದ್ದರು, ಅಥವಾ ಮಾಡುವ ಹಾಗಿದ್ದರು. ಬುಧವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಅಟಿಕೋಕನ್‌ನಿಂದ ನಮ್ಮ ಕಂಪ್ಯೂಟರನ್ನ ಏಳು ಸಲ ಕೇಳಿದಾನೆ. ಏಳಕ್ಕೂ ಉತ್ತರ ಹೋಗಿದೆ."

"ತಪ್ಪು?"

"ಒಂದೂ ಇಲ್ಲ." ಅಷ್ಟು ಹೇಳಿ ಹೋದರು. ನಡಿಗೆ ಎಂದಿಗಿಂತ ಚುರುಕಾಗಿತ್ತು.

ಮಧ್ಯಾಹ್ನ ಎರಡು ಗಂಟೆಗೆ ನಾನು ಅವರ ಮೇಜಿಗೆ ಒಂದು ಪಟ್ಟಿ ಕೊಡಲು ಹೋಗಿದ್ದೆ. ಆಗ ಫೋನು ಬಡಿಯಿತು. ಆ ಕಡೆಯಿಂದ ಗಟ್ಟಿ ದನಿ: "ಮೇಡಂ, ನಾನು ಲೈಲ್ ಬೂಶೇ, ಅಟಿಕೋಕನ್‌ನಿಂದ."

ಟಾರಸ್ ಗಾಳಿಯಂತೆ ಬಂದ. "ಸ್ಪೀಕರಿಗೆ ಹಾಕಿ, ಸ್ಪೀಕರಿಗೆ!"

ಸಿರ್ಕಾ ಹಾಕಿದರು.

"ನಿಮ್ಮ ಪುಟದಲ್ಲಿ ಉದಾಹರಣೆಗೆ ಅಂತ ಒಂದು ಬಾವಿ ನಂಬರ್ ಕೊಟ್ಟಿದ್ರಲ್ಲ," ಅಂದ ಲೈಲ್. "ಅದು ನಿಜವಾದ ಬಾವಿನಾ?"

"ನಿಜವಾದ್ದೇ. ನಮ್ಮ ಕ್ಯಾಂಪಿನ ಬಾವಿ. ಕಂಪ್ಯೂಟರಲ್ಲಿ ಓಡದೇ ಇರೋ ಉದಾಹರಣೆ ಕೊಡೋದು ನಂಗೆ ಸರಿ ಕಾಣಲ್ಲ. ಬೇರೆಯವರ ಬಾವಿ ಕೊಡೋ ಹಾಗಿಲ್ಲ. ಅದಕ್ಕೆ ನಮ್ದೇ ಕೊಟ್ಟೆ."

"ಹಾಗಾದ್ರೆ ನಿಮ್ಮ ಕಾಫಿ ಕಪ್ಪಾಗಿರ್ಬೇಕಲ್ಲ? ಕಬ್ಬಿಣ ಅಷ್ಟಿದೆ! ಸೌನಾ ಹಬೆಸ್ನಾನದ ಬಕೆಟ್ಟೆಲ್ಲ ತುಕ್ಕು ಬಣ್ಣ ಆಗಿರ್ಬೇಕು."

ಸಿರ್ಕಾ ನಕ್ಕುಬಿಟ್ಟರು. "ಬಕೆಟ್ಟೇನು, ನಮ್ಮನೆಯವರ ಬಿಳಿ ಟವೆಲ್ಲೂ ಹಾಗೇ ಆಗಿದೆ."

"ನಮ್ಮೂರು ಕಬ್ಬಿಣದ ಗಣಿ ಊರು ಮೇಡಂ, ಈ ವಿಷಯ ನಮಗೆ ಬಿಡಿ. ನಮ್ಮಪ್ಪ ಒಂದು ಫಿಲ್ಟರ್ ಹಾಕ್ಸಿದ್ರು, ಅದರ ಹೆಸರು ಬರ್ಕೊಳ್ಳಿ. ನಿಮಗೆ ಹೇಳೋಣ ಅನ್ನಿಸ್ತು, ಅದಕ್ಕೇ ಫೋನ್ ಮಾಡ್ದೆ. ನಿಮ್ಮ ಕೋಡ್ ಸಲೀಸಾಗಿ ಕೂತ್ಕೊಂತು. ಒಂದು ಬೆಳಿಗ್ಗೆ ಸಾಕಾಯ್ತು."

ಟಾರಸ್ ಎರಡೂ ಕೈ ಮೇಲೆತ್ತಿದ. "ಇದು ಪ್ರಶ್ನೆ ಅಲ್ಲ, ಬಾವಿ ಪುರಾಣ. ಗೆದ್ರಿ ನೀವು. ಎರಡೆರಡು ವಾರ ಕಾಯ್ತಾ ಕೂರ್ತೀವಿ, ಆಯ್ತಾ?" ಎನ್ನುತ್ತ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಸಿರ್ಕಾ ಫಿಲ್ಟರಿನ ಹೆಸರು ಬರೆದುಕೊಂಡರು. ಇನ್ನೇನು ಫೋನ್ ಇಡಬೇಕು, ಲೈಲ್ ಅಂದ: "ಹಾಂ, ಇನ್ನೊಂದು ಸಣ್ಣದು. ನಮ್ಮ ಮೂರು ಲಾಡ್ಜಲ್ಲಿ ಆರ್ಸೆನಿಕ್ ಜಾಗ ಖಾಲಿ ಬರುತ್ತೆ. ಖಾಲಿ ಅಂದ್ರೆ ನೀರಲ್ಲಿ ಇಲ್ಲ ಅಂತಾನಾ, ನೀವು ನೋಡೇ ಇಲ್ಲ ಅಂತಾನಾ? ನಾನು ಇಲ್ಲ ಅಂತ ತಗೊಂಡು ಹಸಿರು ಗುರುತು ಹಾಕಿದೀನಿ."

ಸಿರ್ಕಾ ನನ್ನ ಕಡೆ ನೋಡಿದರು. ಲ್ಯಾಬಿನ ಹಾಳೆಯಲ್ಲಿ ಅವೆರಡೂ ಬೇರೆ ಬೇರೆ. ನಮ್ಮ ಉಪಕರಣ ಗುರುತಿಸಬಲ್ಲದ್ದಕ್ಕಿಂತ ಕಡಿಮೆ ಇದ್ದರೆ ಒಂದು ಗುರುತು. ಗಿರಾಕಿ ಆ ಪರೀಕ್ಷೆ ಕೇಳದೇ ಇದ್ದರೆ ಒಂದು ಗೆರೆ. ಕಂಪ್ಯೂಟರಿಗೆ ಹೋಗುವಾಗ ಎರಡೂ ಖಾಲಿಯಾಗುತ್ತವೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಪುಟವನ್ನು ಅವರು ನನಗೆ ಓದಿದ್ದರು. ನನ್ನ ಹುಬ್ಬು ಎದ್ದಿರಲಿಲ್ಲ, ಯಾಕೆಂದರೆ ಖಾಲಿ ಜಾಗದಲ್ಲಿ ನನಗೆ ತಿಳಿದಿದ್ದನ್ನು ನಾನೇ ತುಂಬಿಕೊಂಡು ಕೇಳಿದ್ದೆ.

"ಲೈಲ್, ಊಹೆ ಮಾಡಿ ಹೇಳಲ್ಲ ನಾನು," ಅಂದರು ಸಿರ್ಕಾ. "ನಾಳಿದ್ದು ಬರೆದು ಕಳಿಸ್ತೀನಿ. ಅಲ್ಲಿವರೆಗೆ ಖಾಲಿ ಅಂದ್ರೆ ನೋಡಿಲ್ಲ ಅಂತ್ಲೇ ಇಟ್ಕೊಳ್ಳಿ. ಹಸಿರು ತೆಗೀರಿ."

ಫೋನಿಟ್ಟರು. ಟಾರಸ್‌ನ ಬಾಗಿಲು ಮುಚ್ಚೇ ಇತ್ತು.

"ಅವನಿಗೆ ಕೇಳಿಸಿಲ್ಲ," ಅಂದೆ ನಾನು. ಅದನ್ನು ಯಾಕೆ ಹೇಳಿದೆನೋ.

"ನಂಗೆ ಕೇಳಿಸ್ತಲ್ಲ," ಅಂದು ಎದ್ದರು. ಬಾಗಿಲು ತಟ್ಟಿದರು. ನಾನೂ ಹಿಂದೆ ಹೋದೆ, ತಪ್ಪಿನಲ್ಲಿ ಪಾಲು ನನ್ನದೂ ಇತ್ತು.

"ಸೋತೆ ಕಣೋ. ನೀನು ಹೋದ್ಮೇಲೆ ಒಂದು ಪ್ರಶ್ನೆ ಕೇಳಿದ. ನನ್ನ ಪುಟದಲ್ಲಿ ಅದಕ್ಕೆ ಉತ್ತರ ಇರ್ಲಿಲ್ಲ."

ಟಾರಸ್ ಪ್ರಶ್ನೆ ಏನೆಂದು ಕೇಳಿದ. ಕೇಳಿ, "ಅಷ್ಟೇನಾ? ಕೋಡಲ್ಲಿ ಇರುತ್ತೆ, ತಾಳಿ," ಎಂದು ಹುಡುಕತೊಡಗಿದ. ಸಿಕ್ಕ ಮೇಲೆ ಕುರ್ಚಿ ಪಕ್ಕಕ್ಕೆ ಸರಿಸಿದ. ನಾವು ಪರದೆಯತ್ತ ಬಗ್ಗಿದೆವು. ಗುರುತು ಬಂದರೂ ಖಾಲಿ, ಗೆರೆ ಬಂದರೂ ಖಾಲಿ. ಎರಡಕ್ಕೂ ಒಂದೇ ಸಾಲು. ಪಕ್ಕದಲ್ಲಿ ಬರೆದವನ ಹೆಸರು, ಆರು ವರ್ಷದ ಹಿಂದಿನ ತಾರೀಖು.

"ನಾನೇ ಬರೆದಿದ್ದು," ಅಂದ ಟಾರಸ್. "ಖಾಲಿ ಅಂದ್ರೆ ಖಾಲಿ ಅಂದ್ಕೊಂಡಿದ್ದೆ."

"ಇದರಿಂದ ಸ್ಪೆಕ್ ಹೊರತೆಗೆದ್ರೆ ಏನ್ ಬರ್ತಿತ್ತು?" ನಾನು ಕೇಳಿದೆ. ನಿಜಕ್ಕೂ ಗೊತ್ತಿರಲಿಲ್ಲ.

"'ಸಂಖ್ಯೆ, ಖಾಲಿ ಇರಬಹುದು.' ಅಷ್ಟೇ." ಕುರ್ಚಿಗೆ ಒರಗಿದ. "ತಪ್ಪೂ ಇಲ್ಲ, ಉಪಯೋಗಾನೂ ಇಲ್ಲ. ಸಿರ್ಕಾ, ಇದು ಹೇಗಿರ್ಬೇಕು?"

"ಕೆಮಿಸ್ಟ್ರಿ ಮಹಾಶಯರ ಜೊತೆ ಕೂತು ಮೊದ್ಲು ಬರೀತೀನಿ. ಆಮೇಲೆ ನೀನು ಕೋಡನ್ನ ಅದಕ್ಕೆ ಸರಿಯಾಗಿ ಮಾಡು."

"ಎಷ್ಟು ದಿನ?"

"ಎರಡು."

ಟಾರಸ್ ತನ್ನ ಕ್ಯಾಲೆಂಡರ್ ನೋಡಿದ, ಮುಚ್ಚಿದ. "ಷರತ್ತು ಸೋತಿದೀರಿ, ಅದರಲ್ಲಿ ಎರಡು ಮಾತಿಲ್ಲ."

"ನಾನೇನು ಇಲ್ಲ ಅಂದ್ನಾ?"

"ಬರೀರಿ ಹೋಗಿ. ನಾನು ಕಾಯ್ತೀನಿ."

ಎರಡು ದಿನ ಬೇಕಾಗಲಿಲ್ಲ, ಒಂದೂವರೆ ಸಾಕಾಯಿತು. ಪ್ರತಿ ಅಳತೆಯ ಜೊತೆ ಈಗ ಒಂದು ಸ್ಥಿತಿ ಬರುತ್ತದೆ: 'ಅಳೆಯಲಾಗಿದೆ', 'ಪತ್ತೆಯ ಮಿತಿಗಿಂತ ಕಡಿಮೆ', 'ಪರೀಕ್ಷಿಸಿಲ್ಲ'. ಪ್ರತಿಯೊಂದರ ಕೆಳಗೆ ಎರಡು ಸಾಲಿನ ವಿವರಣೆ. ಅದರಲ್ಲಿ ಒಂದು ಶಬ್ದಕ್ಕಾಗಿ ನಾವು ಅರ್ಧ ಗಂಟೆ ಜಗಳವಾಡಿದೆವು. ಬರೆದು ಮುಗಿಸಿದ ಮೇಲೆ ಓದಿ ಹೇಳಲು ಸಿರ್ಕಾ ನನ್ನನ್ನು ಕರೆಯಲಿಲ್ಲ. ಬಾಟಲಿ ತರುವ ವ್ಯಾನಿನ ಚಾಲಕನನ್ನು ಕೂರಿಸಿಕೊಂಡರು. "ನಿಂಗೆ ಎಲ್ಲಾ ಗೊತ್ತು, ನೀನು ಉಪಯೋಗಕ್ಕೆ ಬರಲ್ಲ," ಎಂದರು ನನಗೆ. ಆ ಮನುಷ್ಯನ ಹುಬ್ಬು ಹನ್ನೊಂದು ಸಲ ಎದ್ದಿತು. ಸಿರ್ಕಾ ಅವರಿಗೆ ಪರಮ ಸಂತೋಷ.

ಟಾರಸ್ ತನ್ನ ಸಾಲನ್ನು ಅದಕ್ಕೆ ಹೊಂದಿಸಿದ. ಎಂಟು ಭಾಷೆಗಳ ಕೋಡೂ ಪುಟಗಳೂ ಹೊಸದಾಗಿ ಹುಟ್ಟಿದವು. ಶುಕ್ರವಾರ ಸಂಜೆಯೊಳಗೆ ಲೈಲ್‌ನ ಉತ್ತರ ಬಂತು. ಹೊಸ ಕೋಡ್ ಸೇರಿಸಿದಾಗ ಅವನ ಪ್ರೋಗ್ರಾಮು ಎರಡು ಕಡೆ ಮುಷ್ಕರ ಹೂಡಿತಂತೆ: 'ಪರೀಕ್ಷಿಸಿಲ್ಲ' ಅಂತ ಬಂದರೆ ಏನು ಮಾಡಬೇಕು ಹೇಳು, ಅಲ್ಲಿವರೆಗೆ ಓಡಲ್ಲ ಅಂತ. ಹೇಳಿದ ಮೇಲೆ ಓಡಿತು. ಆ ಮೂರು ಲಾಡ್ಜುಗಳಲ್ಲೂ ಆರ್ಸೆನಿಕ್ ಪರೀಕ್ಷೆ ಯಾವತ್ತೂ ಆಗಿರಲಿಲ್ಲ. ಸೋಮವಾರ ಮೂರು ಬಾಟಲಿ ಬಂದವು. ನಾನೇ ನೋಡಿದೆ. ಎರಡರಲ್ಲಿ ಪತ್ತೆಯ ಮಿತಿಗಿಂತ ಕಡಿಮೆ. ಮೂರನೆಯದರಲ್ಲಿ ಇತ್ತು, ಕುಡಿಯುವ ನೀರಿಗೆ ಒಪ್ಪಿದ ಮಟ್ಟದೊಳಗೇ ಇತ್ತು.

ಮುಂದಿನ ವಾರ ಮೀನಿನಲ್ಲಿ ಪಾದರಸ ನೋಡುವ ಹೊಸ ಪರೀಕ್ಷೆಯನ್ನು ಇದೇ ವ್ಯವಸ್ಥೆಗೆ ಸೇರಿಸಬೇಕಾಯಿತು. ಟಾರಸ್ ಒಂದು ಕುರ್ಚಿ ಎಳೆದುಕೊಂಡು ಸಿರ್ಕಾ ಅವರ ಮೇಜಿನ ಪಕ್ಕ ಬಂದು ಕೂತ. ಒಂದು ಸಾಲು ಕೋಡೂ ಬರೆದಿರಲಿಲ್ಲ.

"ಷರತ್ತಿನ ಪ್ರಕಾರ ನೀನು ಮೊದ್ಲು ಬರೀಬೇಕಲ್ಲ?" ಅಂದರು ಸಿರ್ಕಾ, ಪರದೆಯಿಂದ ಕಣ್ಣು ತೆಗೆಯದೆ.

"ಷರತ್ತು ಬಾವಿಗೆ. ಇದು ಮೀನು. ಎಲ್ಲಿಂದ ಶುರು ಮಾಡೋಣ ಹೇಳಿ."

ಸಿರ್ಕಾ ಹೊಸ ಫೈಲು ತೆರೆದರು. "ಪಾದರಸದ ಜಾಗ ಖಾಲಿ ಬಂದ್ರೆ ಏನರ್ಥ? ಮೊದ್ಲು ಅದು ಹೇಳು."