ಅತ್ತಿಗೆಯ ತೆಳು ಆಯಿಲ್

ನಮ್ಮ ಅತ್ತಿಗೆ ಟ್ಯಾಕ್ಸಿ ಓಡಿಸುತ್ತಾಳೆ, ಅಣ್ಣ ಮೆಕ್ಯಾನಿಕ್. ಇಬ್ಬರ ಹೊಟ್ಟೆಪಾಡೂ ಎಂಜಿನ್ನಿನಿಂದಲೇ ನಡೆಯುವುದರಿಂದ ಮನೆಯಲ್ಲಿ ಜಗಳಕ್ಕೆ ಬೇರೆ ವಿಷಯ ಹುಡುಕಬೇಕಾಗಿಲ್ಲ. ಅಣ್ಣನ ಮಟ್ಟಿಗೆ ಆಯಿಲ್ ಎಂದರೆ ದಪ್ಪನೆಯ ಮಾಮೂಲಿ ಆಯಿಲ್. ಬೆರಳುಗಳ ನಡುವೆ ಉಜ್ಜಿ ನೋಡಿ, ಚೆನ್ನಾಗಿ ಅಂಟಿಕೊಂಡರೆ ತಲೆಯಾಡಿಸುತ್ತಾನೆ. ಸುಳ್ಳೇಕೆ ಹೇಳಲಿ, ಆ ಬೆರಳುಗಳು ಎಷ್ಟೋ ಹಳೆಯ ಗಾಡಿಗಳನ್ನು ಬದುಕಿಸಿವೆ.

ಅತ್ತಿಗೆ ಕೊಂಡದ್ದು ಹೊಸ ಕಾರು. ಅದರ ಜೊತೆ ಬಂದ ಪುಸ್ತಕವನ್ನು ಅಕ್ಷರ ಬಿಡದೆ ಓದಿ, ಅದು ಕೇಳಿದ ತೆಳು ಸಿಂಥೆಟಿಕ್ ಆಯಿಲನ್ನೇ ತಂದಳು. ಈ ಎಂಜಿನ್ನಿನ ಒಳದಾರಿಗಳು ಸಣ್ಣವು, ಕೊರೆಯುವ ಚಳಿಯಲ್ಲೂ ಆಯಿಲ್ ಥಟ್ಟನೆ ಹರಿಯಬೇಕು ಎಂದು ಗಂಡನಿಗೆ ಬಿಡಿಸಿ ಹೇಳಿ, ಆಯಿಲ್ ಬದಲಿಸಿಕೊಡಲು ಮನೆಯ ಪಕ್ಕದ ಅವನ ಗ್ಯಾರೇಜಿನಲ್ಲಿ ಕಾರು ಬಿಟ್ಟಳು. ಮರುದಿನದಿಂದ ಡಯಾಲಿಸಿಸ್ ರೋಗಿಗಳನ್ನು ನಸುಕಿನಲ್ಲಿ ಆಸ್ಪತ್ರೆಗೆ ಮುಟ್ಟಿಸುವ ಕೆಲಸ ಅವಳದು. ಟ್ಯಾಕ್ಸಿ ಸ್ಟ್ಯಾಂಡಿನ ಗಂಡಸರೆಲ್ಲ ಕಣ್ಣಿಟ್ಟಿದ್ದ ಕೆಲಸ. ಮೊದಲ ದಿನವೇ ತಡವಾದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು.

ಅಂಥ ದಿನವೇ ಅಣ್ಣನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿಬಂತು. ಈ ನೀರಿನಂಥ ಆಯಿಲ್ ನಂಬಿ ಅವಳು ಕೆಲಸ ಕೆಡಿಸಿಕೊಳ್ಳುವುದು ಬೇಡವೆಂದು ಕಾರಿಗೆ ತನ್ನ ದಪ್ಪ ಆಯಿಲ್ ತುಂಬಿಸಿದ. ಅವಳ ಡಬ್ಬಿಯಿಂದ ಒಂದಿಷ್ಟು ತೆಗೆದು ಮನೆಯ ಬಾಗಿಲುಗಳ ಕೀಲುಗಳಿಗೆಲ್ಲ ಬಿಟ್ಟ.

ನಮ್ಮದು ಬೆಟ್ಟದ ಊರು; ಮರುದಿನ ನಸುಕಿನಲ್ಲಿ ಕಾರಿನ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಅತ್ತಿಗೆ ಸ್ಟಾರ್ಟ್ ಮಾಡಿದಳು. ಎಂಜಿನ್ ಕಟಕಟ ಎಂದಿತು, ಆಯಿಲಿನ ಕೆಂಪು ದೀಪ ಆರಲೇ ಇಲ್ಲ. ತಕ್ಷಣ ಆಫ್ ಮಾಡಿ, ಅಳತೆ ಕಡ್ಡಿ ಎಳೆದು ನೋಡಿ, ಗಂಡನತ್ತ ತಿರುಗಿದಳು.

"ಯಾವುದು ಹಾಕಿದ್ರಿ?"

"ಒಳ್ಳೇದೇ ಹಾಕಿದೀನಿ ಕಣೇ. ಸ್ವಲ್ಪ ರೇಸ್ ಮಾಡು, ಸರಿಹೋಗುತ್ತೆ."

"ನಿಮ್ಮ ಹಳೇ ವ್ಯಾನಿಗೆ ಅದು ಒಳ್ಳೇದು. ಇದಕ್ಕಲ್ಲ."

ಅಷ್ಟು ಹೇಳಿ ಕಾರಿನಡಿ ನುಸುಳಿದಳು. ಟಾರ್ಚ್ ಹಿಡಿದವನು ನಾನು. ದಪ್ಪ ಆಯಿಲ್ ಜೇನುತುಪ್ಪದ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿದ್ದರೆ ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಅಣ್ಣ ಹೊಸ ಫಿಲ್ಟರ್ ತಂದುಕೊಟ್ಟ. ಬಾಗಿಲುಗಳು ಕುಡಿದು ಉಳಿದ ತೆಳು ಆಯಿಲ್ ಪುಣ್ಯಕ್ಕೆ ಸಾಕಾಯಿತು. ಅತ್ತಿಗೆ ಮತ್ತೆ ಸ್ಟಾರ್ಟ್ ಮಾಡಿದಾಗ ದೀಪ ಆರಿತು. ಎಂಜಿನ್ ಎಷ್ಟು ಮೆತ್ತಗಿತ್ತೆಂದರೆ, ಓಡುತ್ತಿದೆಯೋ ಇಲ್ಲವೋ ಎಂದು ಅಣ್ಣ ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕಾಯಿತು. ನನಗಂತೂ ಕುಣಿಯುವಷ್ಟು ಖುಷಿ.

ರೋಗಿಗಳನ್ನು ಹತ್ತಿಸಿಕೊಂಡು ಅವಳು ಆಸ್ಪತ್ರೆ ತಲುಪಿದಾಗ ನರ್ಸ್ ಇನ್ನೂ ಬಾಗಿಲು ತೆರೆಯುತ್ತಿದ್ದಳು. ಕೆಲಸ ಅತ್ತಿಗೆಗೇ ಗಟ್ಟಿಯಾಯಿತು.

ಸುದ್ದಿ ಸ್ಟ್ಯಾಂಡಿಗೆ ಮುಟ್ಟಿದ್ದು ಮಾತ್ರ ಬೇರೆ ರೀತಿ. ಹೆಂಗಸು ನೀರಿನಂಥ ಆಯಿಲ್ ಹಾಕಿ ಹೊಸ ಗಾಡಿ ಕೆಡಿಸಿಕೊಂಡಳಂತೆ ಎಂದು ನಗುತ್ತಿದ್ದರು. ಅಲ್ಲಿ ಅಣ್ಣನ ಮಾತೆಂದರೆ ವೇದವಾಕ್ಯ. ಸಂಜೆ ಅವನು ತಾನಾಗಿಯೇ ಅಲ್ಲಿಗೆ ಹೋಗಿ, ಅತ್ತಿಗೆಯ ಎದುರಿಗೇ ಹೇಳಿದ:

"ಕೆಡಿಸಿದ್ದು ನಾನು. ಸರಿಮಾಡಿದ್ದು ಇವಳು. ಹೊಸ ಗಾಡಿ ಇರೋರು ಇನ್ಮೇಲೆ ಇವಳನ್ನ ಕೇಳಿ, ಆಮೇಲೆ ನನ್ನ ಹತ್ರ ಬನ್ನಿ."

ಆಮೇಲೆ ಒಬ್ಬ ತನ್ನ ಕಾರಿನ ಬಾನೆಟ್ ಎತ್ತಿ, ಅಕ್ಕಾ ಒಂದ್ನಿಮಿಷ ಇದನ್ನ ನೋಡ್ತೀರಾ ಎಂದು ಕರೆದ. ಆಸ್ಪತ್ರೆಯ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಒದ್ದಾಡಿದ್ದವನು ಅವನೇ.