ಕುಂದರದ ಸ್ವಿಚ್ಚು

ಐಗಳಿಯ ಹಾಲಿನ ಡೈರಿಯ ಹಳೇ ಕಂಪ್ಯೂಟರಿಗೆ ವಿಚಿತ್ರ ರೋಗ. ಚಾಲೂ ಮಾಡಿದರೆ ಫ್ಯಾನು ತಿರುಗುತ್ತಿತ್ತು, ದೀಪ ಹತ್ತುತ್ತಿತ್ತು, ನಾಲ್ಕು ಎಣಿಸುವಷ್ಟರಲ್ಲಿ ಬಂದ್. ನಾನು ರಿಪೇರಿಗೆ ಹೋದಾಗ ಹೆಂಗಸರು ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು.

ಕಂಪ್ಯೂಟರಿನ ಡಬ್ಬಿಯ ಚಾಲೂ ಮಾಡುವ ಬಟನ್ ಮುರಿದಿತ್ತಂತೆ. ಊರಿನ ಪಂಪ್‌ಸೆಟ್ ಮೇಸ್ತ್ರಿ ಬಸಪ್ಪಣ್ಣ ಅದರ ಎರಡು ವೈರಿಗೆ ಮನೆಯ ಲೈಟಿನ ಸ್ವಿಚ್ಚು ಜೋಡಿಸಿ, ನೀಟಾಗಿ ಟೇಪು ಸುತ್ತಿದ್ದರು.

"ಜೋಡಣಿ ಬರೋಬ್ಬರಿ ಐತ್ರಿ. ಸ್ವಿಚ್ಚ ತಪ್ಪೈತಿ," ಎಂದೆ.

ಪಕ್ಕದಲ್ಲೇ ಕೂತಿದ್ದ ಬಸಪ್ಪಣ್ಣನವರಿಗೆ ಸಿಟ್ಟು ಬಂತು. "ಮೂವತ್ತ ವರ್ಷ ಮೋಟಾರ್ ರಿಪೇರಿ ಮಾಡೇನ್ರಿ. ಸ್ವಿಚ್ಚಂದ್ರ ಒತ್ತಿದ ಮ್ಯಾಲೆ ಒತ್ತಿದಂಗ ಕುಂದರಬೇಕು!"

"ಇದು ಕುಂದರಬಾರದ್ರಿ ಅಣ್ಣಾರ. ಬಾಗಲಾ ಬಡದಂಗ, ಬಡದು ಕೈ ತಗೀಬೇಕು. ಒತ್ತಿ ಹಿಡದ್ರ, ಬಂದ್ ಆಗು ಅಂದಂಗ ತಿಳೀತೈತಿ ಅದಕ್ಕ."

ಅವರು ಸಟ್ಟನೆ ಎದ್ದು ಹೋದರು. ಮುನಿಸಿಕೊಂಡರು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತಮ್ಮ ಮನೆಬಾಗಿಲಿನ ಬೆಲ್ ಬಟನ್ನನ್ನೇ ಬಿಚ್ಚಿ ತಂದರು. "ಇದು ಕುಂದರೂದಿಲ್ಲ ನೋಡ್ರಿ!"

ತಾವೇ ಜೋಡಿಸಿದರು. ತಾವೇ ಒತ್ತಿ, ಕಾದ ಹಂಚು ಮುಟ್ಟಿದವರಂತೆ ಕೈ ಸರಕ್ಕನೆ ಹಿಂದೆಳೆದುಕೊಂಡರು. ನಾಲ್ಕು ದಾಟಿತು, ಐದು ದಾಟಿತು, ಪರದೆಯ ಮೇಲೆ ಡೈರಿಯ ಹೆಸರು ಮೂಡಿತು. ಸಾಲಿನ ಮೊದಲ ಅಜ್ಜಿ ಕ್ಯಾನಿನ ಮುಚ್ಚಳ ತೆಗೆದಳು.

ಮೊನ್ನೆ ಆ ಕಡೆ ಹೋದಾಗ ಚಹಾಕ್ಕೆಂದು ಬಸಪ್ಪಣ್ಣನವರ ಮನೆಗೆ ಹೋದೆ. ಬೆಲ್ ಬಟನ್ ಇದ್ದ ಜಾಗದಲ್ಲಿ, ಡೈರಿಯಿಂದ ಬಿಚ್ಚಿದ ಲೈಟಿನ ಸ್ವಿಚ್ಚು. ಒತ್ತಿದೆ. ಒಳಗೆ ಗುಬ್ಬಿದನಿಯ ಬೆಲ್ಲು ಚಿಲಿಪಿಲಿ ಶುರುಮಾಡಿತು. ಅವರು ಬಂದು ಬಾಗಿಲು ತೆಗೆದರೂ ನಿಲ್ಲಲಿಲ್ಲ.

"ಕುಂತೈತಿ ನೋಡ್ರಿ!" ಎಂದರು ಬಸಪ್ಪಣ್ಣ, ಹೆಮ್ಮೆಯಿಂದ.